‘ಗೆಟ್’ ಪಕ್ಕದಲ್ಲಿ ಏನಿದೆ ಅಂತ ನೋಡಿ

ಇಂಗ್ಲಿಷ್‌ನ ‘ಗೆಟ್’ ಅಂದರೇನು ಅಂತ ಕೇಳಿದರೆ ‘ಪಡೆ’ ಅನ್ನುವ ಉತ್ತರ ಥಟ್ಟನೆ ಬರುತ್ತದೆ. ಆದರೆ ‘ಇಟ್ ಈಸ್ ಗೆಟಿಂಗ್ ಡಾರ್ಕ್’ ಅಂದಾಗ ಯಾರೂ ಏನನ್ನೂ ಪಡೆಯುತ್ತಿಲ್ಲ, ಕತ್ತಲಾಗುತ್ತಿದೆ ಅಷ್ಟೆ. ‘ಗೆಟ್ ಹೋಮ್’ ಅಂದರೆ ಮನೆ ಸೇರುವುದು. ‘ಗೆಟ್ ದ ಜೋಕ್’ ಅಂದರೆ ಜೋಕು ಅರ್ಥವಾಗುವುದು. ‘ಗೆಟ್ ದ ಡೋರ್’ ಅಂದರೆ ಯಾರೋ ಬಂದಿದ್ದಾರೆ, ಹೋಗಿ ಬಾಗಿಲು ತೆಗೆಯುವುದು. ಇವನ್ನೆಲ್ಲ ಬಾಯಿಪಾಠ ಮಾಡಲು ಹೊರಟರೆ ಮುಗಿಯುವ ಮಾತಲ್ಲ. ಅರ್ಥ ಇರುವುದು ಈ ಪದದಲ್ಲಿ ಕಡಿಮೆ, ಅದರ ಪಕ್ಕದ ಪದದಲ್ಲಿ ಹೆಚ್ಚು. ಪಕ್ಕದ್ದು ವಸ್ತುವಿನ ಹೆಸರೋ, ಗುಣವಾಚಕವೋ, ಜಾಗವೋ, ಕ್ರಿಯಾಪದದ ಮೂರನೆಯ ರೂಪವೋ ಅಂತ ಮೊದಲು ಗುರುತಿಸಿ. ಮುಕ್ಕಾಲು ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಎಷ್ಟು ಸಣ್ಣ ವ್ಯತ್ಯಾಸ ಎಷ್ಟು ದೊಡ್ಡ ಬದಲಾವಣೆ ತರುತ್ತದೆ ಅನ್ನುವುದಕ್ಕೆ ಈ ಎರಡು ವಾಕ್ಯ ನೋಡಿ. ‘ಐ ಗಾಟ್ ಕೋಲ್ಡ್’ ಅಂದರೆ ನನಗೆ ಚಳಿಯಾಯಿತು. ‘ಐ ಗಾಟ್ ಎ ಕೋಲ್ಡ್’ ಅಂದರೆ ನನಗೆ ನೆಗಡಿಯಾಯಿತು. ನಡುವೆ ಬಂದದ್ದು ಒಂದೇ ಒಂದು ‘ಎ’. ಅದು ಬಂದ ಕೂಡಲೇ ‘ಕೋಲ್ಡ್’ ಗುಣವಾಚಕವಾಗಿ ಉಳಿಯದೆ ನಾಮಪದವಾಯಿತು. ಗುಣವಾಚಕ ಬಂದರೆ ‘ಗೆಟ್’ ಅಂದರೆ ‘ಆಗು’, ನಾಮಪದ ಬಂದರೆ ‘ಸಿಗು’, ‘ಬರು’ ಅಥವಾ ‘ತರು’. ಇದೇ ಕಾರಣಕ್ಕೆ ‘ಶೀ ಗಾಟ್ ಎ ಡಾಕ್ಟರ್’ ಅಂದರೆ ಅವಳು ಡಾಕ್ಟರ್ ಆದಳು ಅಂತಲ್ಲ, ಡಾಕ್ಟರನ್ನು ಕರೆತಂದಳು ಅಂತ. ಡಾಕ್ಟರ್ ಆಗುವುದಕ್ಕೆ ‘ಬಿಕೇಮ್’ ಬೇಕೇ ಬೇಕು.

ಹಾಗಂತ ಎಲ್ಲ ಗುಣವಾಚಕಕ್ಕೂ ಇದು ಒಗ್ಗುವುದಿಲ್ಲ. ಟೈರ್ಡ್, ಆಂಗ್ರಿ, ವೆಟ್, ಓಲ್ಡ್, ಹಂಗ್ರಿ ಇವಕ್ಕೆಲ್ಲ ಸಲೀಸಾಗಿ ಹೊಂದುತ್ತದೆ. ಕಣ್ಣು ಹೋಗುವುದು, ಕಿವಿ ಕೇಳಿಸದಂತಾಗುವುದು, ತಲೆ ಬೋಳಾಗುವುದು, ಆಹಾರ ಹಳಸುವುದು ಇವಕ್ಕೆ ಮಾತ್ರ ‘ಗೋ’ ಬಳಸುತ್ತಾರೆ: ಗೋ ಬ್ಲೈಂಡ್, ಗೋ ಡೆಫ್, ಗೋ ಬಾಲ್ಡ್, ಗೋ ಬ್ಯಾಡ್. ಬಣ್ಣ ಬದಲಾದರೆ ‘ಟರ್ನ್’ ಅಥವಾ ‘ಗೋ’.

ಕನ್ನಡಿಗರಿಗೆ ಈ ಪದ ಒಂದು ಕಡೆ ಬಹಳ ಸುಲಭ, ಇನ್ನೊಂದು ಕಡೆ ಬಹಳ ಮೋಸ. ಎರಡಕ್ಕೂ ಕಾರಣ ನಮ್ಮ ‘ನನಗೆ’. ನನಗೆ ಪತ್ರ ಬಂತು, ನನಗೆ ಸಿಟ್ಟು ಬಂತು, ನನಗೆ ಕೆಲಸ ಸಿಕ್ಕಿತು, ನನಗೆ ಅರ್ಥ ಆಯ್ತು. ಈ ನಾಲ್ಕೂ ಇಂಗ್ಲಿಷ್‌ಗೆ ಹೋದಾಗ ‘ಐ ಗಾಟ್’ ಅಂತಲೇ ಶುರುವಾಗುತ್ತವೆ. ಕನ್ನಡದಲ್ಲಿ ಸಿಟ್ಟು, ಪತ್ರ ನಮ್ಮ ಹತ್ತಿರ ಬರುತ್ತವೆ. ಇಂಗ್ಲಿಷ್ ಮನುಷ್ಯನನ್ನೇ ಕರ್ತೃ ಮಾಡಿ ಮುಂದೆ ನಿಲ್ಲಿಸುತ್ತದೆ. ಹೊಂದಾಣಿಕೆ ಇಷ್ಟು ಚೆನ್ನಾಗಿ ಕೂರುವುದರಿಂದಲೇ ನಾವು ಅದನ್ನು ಎಳೆಯಬಾರದ ಕಡೆಗೂ ಎಳೆಯುತ್ತೇವೆ. ‘ನಿದ್ದೆ ಬರ್ತಿಲ್ಲ’ ಅನ್ನುವುದು ‘ಐ ಆಮ್ ನಾಟ್ ಗೆಟಿಂಗ್ ಸ್ಲೀಪ್’ ಆಗುತ್ತದೆ. ಹೇಳಬೇಕಾದ್ದು ‘ಐ ಕಾಂಟ್ ಸ್ಲೀಪ್’. ‘ತಲೆನೋವು ಬರ್ತಿದೆ’ ಅನ್ನುವುದಕ್ಕೆ ‘ಐ ಹ್ಯಾವ್ ಎ ಹೆಡೇಕ್’ ಸಾಕು. ‘ಗೆಟಿಂಗ್’ ಹಾಕಿದರೆ ನೋವು ಈಗಷ್ಟೇ ಶುರುವಾಗುತ್ತಿದೆ ಅಂತಾಗುತ್ತದೆ, ಆಗಲೂ ‘ಎ’ ಬಿಡುವಂತಿಲ್ಲ. ‘ಐ ಆಮ್ ಗೆಟಿಂಗ್ ಎ ಡೌಟ್’ ಕೂಡ ಇದೇ ಜಾತಿಯದು. ಕೇಳಬೇಕಾದ್ದು ಏನಾದರೂ ಇದ್ದರೆ ‘ಐ ಹ್ಯಾವ್ ಎ ಕ್ವೆಶ್ಚನ್’ ಅನ್ನಿ. ಹೊರಗಿನವರ ಕಿವಿಗೆ ‘ಡೌಟ್’ ಅಂದರೆ ಅಪನಂಬಿಕೆ.

ಇನ್ನು ‘ಮಾಡಿಸು’. ನನಗೆ ಈ ಪದದಲ್ಲಿ ತುಂಬ ಇಷ್ಟವಾಗುವ ಭಾಗ ಇದೇ. ಕನ್ನಡ ‘ಇಸು’ ಅಂತ ಒಂದು ಬಾಲ ಸೇರಿಸಿ ಮುಗಿಸುವ ಕೆಲಸವನ್ನು ಇಂಗ್ಲಿಷ್ ಪದಗಳ ಜಾಗ ಬದಲಿಸಿ ಸಾಧಿಸುತ್ತದೆ. ಬೈಕ್ ರಿಪೇರಿ ಮಾಡಿಸಿದೆ ಅನ್ನುವುದು ‘ಐ ಗಾಟ್ ಮೈ ಬೈಕ್ ರಿಪೇರ್ಡ್’. ಕ್ರಮ ಹೀಗೆ: ಮೊದಲು ‘ಗೆಟ್’, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೆಯ ರೂಪ. ‘ಐ ಗಾಟ್ ರಿಪೇರ್ಡ್ ಮೈ ಬೈಕ್’ ಅಂತ ತಿರುಗಿಸಿದರೆ ವಾಕ್ಯ ಮುರಿಯುತ್ತದೆ. ‘ಗೆಟ್’ ಪೂರ್ತಿ ಬಿಟ್ಟು ‘ಐ ಕಟ್ ಮೈ ಹೇರ್’ ಅಂದರೆ ಕತ್ತರಿ ಹಿಡಿದದ್ದು ನೀವೇ ಅಂತಾಗುತ್ತದೆ. ಬೇರೆಯವರು ಕತ್ತರಿಸಿದ್ದಾದರೆ ‘ಐ ಗಾಟ್ ಮೈ ಹೇರ್ ಕಟ್’.

ಯಾರ ಕೈಯಲ್ಲಿ ಮಾಡಿಸಿದಿರಿ ಅಂತ ಹೇಳುವಾಗ ರಚನೆ ಬದಲಾಗುತ್ತದೆ: ‘ಐ ಗಾಟ್ ಹಿಮ್ ಟು ಸೈನ್’. ಇಲ್ಲಿ ‘ಟು’ ಕಡ್ಡಾಯ. ‘ಹ್ಯಾವ್’ ಮತ್ತು ‘ಮೇಕ್’ಗೆ ಆ ‘ಟು’ ಬರಬಾರದು: ‘ಐ ಹ್ಯಾಡ್ ಹಿಮ್ ಸೈನ್’, ‘ಐ ಮೇಡ್ ಹಿಮ್ ಸೈನ್’. ಅರ್ಥದ ಛಾಯೆಯೂ ಬೇರೆ. ಮೇಡ್ ಅಂದರೆ ಒತ್ತಾಯ, ಹ್ಯಾಡ್ ಅಂದರೆ ಹೇಳಿ ಮಾಡಿಸಿದ್ದು, ಗಾಟ್ ಅಂದರೆ ಸ್ವಲ್ಪ ಪುಸಲಾಯಿಸಿಯೋ ಕಷ್ಟಪಟ್ಟೋ ಒಪ್ಪಿಸಿದ್ದು. ಒಂದು ಎಚ್ಚರಿಕೆಯ ಮಾತು: ಇದೇ ರಚನೆ ಕೆಟ್ಟದ್ದು ಸಂಭವಿಸಿದಾಗಲೂ ಬರುತ್ತದೆ. ‘ಹೀ ಗಾಟ್ ಹಿಸ್ ಫಿಂಗರ್ ಕಾಟ್ ಇನ್ ದ ಡೋರ್’ ಅಂದರೆ ಬೆರಳು ಬಾಗಿಲಿಗೆ ಸಿಕ್ಕಿಕೊಂಡಿತು. ಬೇಕಂತಲೇ ಯಾರೂ ಸಿಕ್ಕಿಸಿಕೊಳ್ಳುವುದಿಲ್ಲ ಅನ್ನುವ ಲೋಕಜ್ಞಾನದಿಂದಲೇ ಅರ್ಥ ಮಾಡಿಕೊಳ್ಳಬೇಕು.

ನಡುವೆ ವಸ್ತು ಇಲ್ಲದೆ ನೇರವಾಗಿ ಮೂರನೆಯ ರೂಪ ಬಂದರೆ ಅದು ಕರ್ಮಣಿ ಪ್ರಯೋಗದ ಹತ್ತಿರದ್ದು. ‘ದ ವಿಂಡೋ ವಾಸ್ ಬ್ರೋಕನ್’ ಅಂದರೆ ಕಿಟಕಿ ಒಡೆದಿತ್ತು ಅಂತಲೂ ಆಗಬಹುದು, ಆಗ ಒಡೆಯಿತು ಅಂತಲೂ ಆಗಬಹುದು. ‘ಗಾಟ್ ಬ್ರೋಕನ್’ ಅಂದರೆ ಆ ಅನುಮಾನವಿಲ್ಲ, ಒಡೆದ ಘಟನೆಯ ಬಗ್ಗೆಯೇ ಮಾತು. ‘ಗೆಟ್ ಲಾಸ್ಟ್’, ‘ಗೆಟ್ ಡ್ರೆಸ್ಡ್’, ‘ಗೆಟ್ ಮ್ಯಾರೀಡ್’ ಇದೇ ಅಚ್ಚಿನವು. ಮದುವೆಗೆ ‘ವಿತ್’ ಹಾಕಬೇಡಿ, ‘ಟು’ ಹಾಕಿ.

ಜಾಗದ ವಿಷಯ ಚಿಕ್ಕದು. ಹೋಮ್, ಹಿಯರ್, ದೇರ್ ಇವುಗಳ ಹಿಂದೆ ‘ಟು’ ಬೇಡ, ಉಳಿದ ಕಡೆ ಬೇಕು: ‘ಗೆಟ್ ಹೋಮ್’, ‘ಗೆಟ್ ಟು ದ ಸ್ಟೇಷನ್’. ವಾಹನಕ್ಕೆ ಬಂದರೆ, ಒಳಗೆ ಎದ್ದು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ ‘ಗೆಟ್ ಆನ್’, ‘ಗೆಟ್ ಆಫ್’. ಬಗ್ಗಿ ಒಳಹೊಕ್ಕು ಕೂರುವ ಕಾರಿಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’. ನಾವು ಬಸ್ಸಿಗೆ ಹೇಳುವ ‘ಗೆಟ್ ಡೌನ್’ ನಮ್ಮ ಇಂಗ್ಲಿಷ್‌ನಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೊರದೇಶದವರಿಗೆ ಅದು ಏಣಿಯಿಂದ ಇಳಿಯುವುದು ಅಥವಾ ತಲೆ ಬಗ್ಗಿಸಿ ಕೆಳಗೆ ಕೂರುವುದು ಅನ್ನಿಸುತ್ತದೆ.

‘ಹ್ಯಾವ್ ಗಾಟ್’ ನೋಡಲು ಭೂತಕಾಲದಂತಿದ್ದರೂ ಅರ್ಥ ವರ್ತಮಾನದ್ದು. ‘ಐ ಹ್ಯಾವ್ ಗಾಟ್ ಎ ಪೆನ್’ ಅಂದರೆ ನನ್ನ ಹತ್ತಿರ ಪೆನ್ನು ಇದೆ. ‘ಐ ಹ್ಯಾವ್ ಗಾಟ್ ಟು ಗೋ’ ಅಂದರೆ ಹೋಗಲೇಬೇಕು. ಅಮೆರಿಕದವರು ಇಲ್ಲಿ ಚೆಂದದ ಒಂದು ಭೇದ ಉಳಿಸಿಕೊಂಡಿದ್ದಾರೆ. ಇದೆ ಅನ್ನುವುದಕ್ಕೆ ‘ಗಾಟ್’, ಸಿಕ್ಕಿದೆ ಅಥವಾ ಆಗಿದೆ ಅನ್ನುವುದಕ್ಕೆ ‘ಗಾಟನ್’. ಹಾಗಾಗಿ ಅವರ ಬಾಯಲ್ಲಿ ‘ಐ ಹ್ಯಾವ್ ಗಾಟನ್ ಟು ಗೋ’ ಅಂದರೆ ಹೋಗುವ ಅವಕಾಶ ಸಿಕ್ಕಿದೆ ಅಂತ. ಈ ರೂಪ ಅಮೆರಿಕದ ಹೊಸ ಸೃಷ್ಟಿ ಅಂತ ಕೆಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ‘ಗೆಟಾ’ದಿಂದ ಬಂದ ಈ ಕ್ರಿಯಾಪದಕ್ಕೆ ಬ್ರಿಟನ್ನಿನಲ್ಲೇ ಆ ರೂಪ ಬಳಕೆಯಲ್ಲಿತ್ತು. ‘ಫರ್ಗಾಟನ್’ನಲ್ಲಿ ಅದು ಇವತ್ತಿಗೂ ಎಲ್ಲರ ಬಾಯಲ್ಲಿದೆ.

ಕಚೇರಿಯ ವರದಿ, ಅರ್ಜಿ, ಪ್ರಬಂಧಗಳಲ್ಲಿ ಪತ್ರ ಬಂದದ್ದಕ್ಕೆ ‘ರಿಸೀವ್ಡ್’, ಅನುಮತಿ ಪಡೆದದ್ದಕ್ಕೆ ‘ಅಬ್ಟೇನ್ಡ್’, ಆದದ್ದಕ್ಕೆ ‘ಬಿಕೇಮ್’ ಅಂತ ಬರೆಯುವುದು ಲೇಸು. ಆದರೆ ‘ಗೆಟ್’ ಕಂಡಲ್ಲೆಲ್ಲ ಹೊಡೆದುಹಾಕುವ ಚಟವೂ ಬೇಡ. ‘ಗೆಟ್ ರಿಡ್ ಆಫ್’, ‘ಗೆಟ್ ಟು ನೋ’ ಇವುಗಳ ಜಾಗಕ್ಕೆ ಬೇರೆ ಪದ ತುರುಕಿದರೆ ಬರಹ ಬಿಗಿದುಕೊಳ್ಳುತ್ತದೆ. ಇಮೇಲ್‌ನಲ್ಲಿ ‘ಐ ವಿಲ್ ರಿವರ್ಟ್’ ಅನ್ನುವುದಕ್ಕಿಂತ ‘ಐ ವಿಲ್ ಗೆಟ್ ಬ್ಯಾಕ್ ಟು ಯು’ ಎಲ್ಲ ಕಡೆಯೂ ನಡೆಯುತ್ತದೆ. ‘ರಿವರ್ಟ್’ ಅಂದರೆ ಹಿಂದಿನ ಸ್ಥಿತಿಗೆ ಮರಳುವುದು ಅಂತಲೇ ಹೊರಗಿನ ಬಹುಪಾಲು ಜನ ಓದಿಕೊಳ್ಳುತ್ತಾರೆ.