ಶನಿವಾರದ ಸಿನಿಮಾ

ಶನಿವಾರ ರಾತ್ರಿ ಯಾವ ಸಿನಿಮಾ ನೋಡುವುದೆಂದು ನಿರ್ಧರಿಸಲು ನಾವು ಐವರು ಗೆಳೆಯರು ಇಂದು ಸಂಜೆ ಸೇರಿದ್ದೆವು. ಒಬ್ಬೊಬ್ಬರೂ ತಮ್ಮ ಮೆಚ್ಚಿನ ಒಂದು ಚಿತ್ರದ ಹೆಸರನ್ನು ಒಂದೇ ಹಾಳೆಯಲ್ಲಿ ಬರೆಯಬೇಕಿತ್ತು.

ನಾನು 1957ರ ‘12 ಆಂಗ್ರಿ ಮೆನ್’ ಎಂದು ಬರೆದೆ. ಕಪ್ಪು-ಬಿಳುಪು ಚಿತ್ರ, ಅದರಲ್ಲೂ ಹೆಚ್ಚುಕಡಿಮೆ ಪೂರ್ತಿ ಒಂದೇ ಕೋಣೆಯಲ್ಲಿ ನಡೆಯುವ ಕಥೆ ಎಂದಾಗ ಇಬ್ಬರ ಮುಖ ಸಪ್ಪಗಾಯಿತು. ಮೊದಲು ಕಣ್ಣಿನ ಮಟ್ಟಕ್ಕಿಂತ ಮೇಲಿದ್ದ ಕ್ಯಾಮೆರಾವನ್ನು ನಿರ್ದೇಶಕ ಸಿಡ್ನಿ ಲುಮೆಟ್ ಕಥೆ ಸಾಗಿದಂತೆ ಕೆಳಕ್ಕಿಳಿಸುತ್ತಾ, ಹೆಚ್ಚು ಫೋಕಲ್ ಲೆಂತ್‌ನ, ಅಂದರೆ ದೂರದ್ದನ್ನು ಹತ್ತಿರಕ್ಕೆಳೆದು ತೋರಿಸುವ ಲೆನ್ಸ್‌ಗಳನ್ನು ಬಳಸುತ್ತಾ ಹೋದದ್ದರಿಂದ ಆ ಕೋಣೆಯ ಗೋಡೆಗಳೇ ಹತ್ತಿರ ಸರಿದಂತೆ, ಕೊನೆಗೆ ಛಾವಣಿಯೂ ತಲೆಯ ಮೇಲೆ ಬಾಗಿದಂತೆ ಭಾಸವಾಗುತ್ತದೆ ಎಂದು ಕೈಯಾಡಿಸಿ ವಿವರಿಸಿದೆ.

ಮೆಚ್ಚಿನ ಸಿನಿಮಾದ ಹೆಸರು ಹೇಳುವಾಗ ಎದೆ ಅಷ್ಟೇಕೆ ಹೊಡೆದುಕೊಳ್ಳುತ್ತದೆಯೋ! ಅದು ಗೆಳೆಯರಿಗೆ ಹಿಡಿಸದಿದ್ದರೆ ನಮ್ಮನ್ನೇ ಬೇಡವೆಂದಷ್ಟು ನೋವಾಗುತ್ತದೆ. ಹಾಗಾಗಿಯೇ, ಗೆಳತಿಯೊಬ್ಬಳು ಮಾತಿಲ್ಲದೆ ಪೆನ್ಸಿಲ್ ತೆಗೆದುಕೊಂಡು, ತನ್ನ ಆಯ್ಕೆಯ ಪಕ್ಕದಲ್ಲಿ ‘ಮುಂದಿನ ವಾರ’ ಎಂದು ಬರೆದು, ನನ್ನ ಆಯ್ಕೆಯ ಕೆಳಗೆ ನಿಧಾನವಾಗಿ ಗೆರೆ ಎಳೆದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

96 ನಿಮಿಷಗಳ ಚಿತ್ರ. ಒಂಬತ್ತಕ್ಕೆ ಆರಂಭಿಸಿದರೆ, ಮುಗಿದ ಮೇಲೆ ಕುಳಿತು ಮಾತನಾಡಲು ಬೇಕಾದಷ್ಟು ಸಮಯ ಉಳಿಯುತ್ತದೆ.