ಮೊಡವೆಗೆ ಟ್ಯೂಬು ಕೊಳ್ಳುವ ಮುನ್ನ ಅದರ ಮೇಲಿನ ಸಣ್ಣ ಅಕ್ಷರ ಓದಿ

ಮೊಡವೆ ವಯಸ್ಸಿಗೆ ಬಂದ ಮಕ್ಕಳಿಗೆ ಬರುತ್ತದೆ, ಮದುವೆಯಾದ ಮೇಲೆ ತಾನಾಗಿಯೇ ಹೋಗುತ್ತದೆ ಅಂತ ನಮ್ಮ ವಿಜಯಪುರದ ಕಡೆ ಎಲ್ಲರೂ ನಂಬಿದ್ದಾರೆ. ನನಗೆ ಮದುವೆಯಾಗಿ ಮಗ ಶಾಲೆಗೆ ಹೋಗುತ್ತಾನೆ. ಮೊಡವೆ ಇನ್ನೂ ಇದೆ. ಹೈಸ್ಕೂಲಿನಲ್ಲಿದ್ದಾಗ ಹಣೆಯ ಮೇಲೆ ಒಂದೆರಡು ಬಂದು ಹೋಗಿದ್ದವು ಅಷ್ಟೇ. ನಿಜವಾದ ಕಾಟ ಶುರುವಾಗಿದ್ದು ಇಪ್ಪತ್ತೆಂಟರ ನಂತರ, ಅದೂ ದವಡೆಯ ಅಂಚಿಗೆ, ಗದ್ದದ ಕೆಳಗೆ, ಕುತ್ತಿಗೆ ಶುರುವಾಗುವ ಜಾಗದಲ್ಲಿ. ಇವು ಬಿಳಿ ತುದಿ ಮಾಡಿ ಒಡೆದು ಹೋಗುವಂಥವಲ್ಲ. ಚರ್ಮದ ಒಳಗೆ ಗಂಟು ಕಟ್ಟಿಕೊಂಡು ಕೂರುತ್ತವೆ. ಮುಟ್ಟಿದರೆ ನೋವು, ದಿಂಬಿಗೆ ಕೆನ್ನೆ ಇಟ್ಟರೆ ನೋವು. ಕೊನೆಗೂ ಇಳಿದಾಗ ಕಪ್ಪು ಕಲೆ ಬಿಟ್ಟು ಹೋಗುತ್ತವೆ, ಆ ಕಲೆ ತಿಂಗಳುಗಟ್ಟಲೆ ಇರುತ್ತದೆ.

ಇಂಥ ಮುಖ ಹೊತ್ತು ಮದುವೆ, ಕುಬಸ, ಜಾತ್ರೆ ಅಂತ ಎಲ್ಲಿ ಹೋದರೂ ಮೊದಲು ಬರುವ ಮಾತು ಇದೇ. "ಯಾಕವಾ, ಮಾರಿ ಹಿಂಗ್ಯಾಕ ಆಗೇತಿ?" ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ, ಔಷಧಿ ಹೇಳಿಯೇ ಬಿಡುತ್ತಾರೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಸಿಕ್ಕ ಕಾಕು ಬೇವಿನ ತಪ್ಪಲು ಅರೆದು ಹಚ್ಚು ಅಂದರು. ಅವರ ಜೊತೆ ಇದ್ದವರು ಶೇಂಗಾ ಬಿಡು, ಉಷ್ಣ ಆಗೇತಿ ಅಂದರು. ಮತ್ತೊಬ್ಬರು ರಕ್ತ ಕೆಟ್ಟಿದೆ, ರಕ್ತ ಶುದ್ಧಿಯ ಟಾನಿಕ್ ಕುಡಿ ಅಂದರು. ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೂ ಜನರ ನಡುವೆ ನಿಂತು ಮುಖದ ಬಗ್ಗೆ ಕೇಳಿಸಿಕೊಳ್ಳುವುದು ಕಷ್ಟ. ಮೊಡವೆ ಇರುವವರಿಗೆ ಮೊಡವೆ ಇದೆ ಅಂತ ಯಾರೂ ಹೇಳಬೇಕಾಗಿಲ್ಲ ಅಲ್ವಾ? ದಿನಾ ಕನ್ನಡಿ ನೋಡಿಯೇ ಹೊರಗೆ ಬಂದಿರುತ್ತಾರೆ.

ರಕ್ತ ಕೆಟ್ಟಿರುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಮ್ಮ ಚರ್ಮದಲ್ಲಿ ಕೂದಲಿನ ಬುಡಕ್ಕೆ ಅಂಟಿಕೊಂಡು ಎಣ್ಣೆ ಬಿಡುವ ಸಣ್ಣ ಗ್ರಂಥಿಗಳಿರುತ್ತವೆ. ಆಂಡ್ರೋಜನ್ ಅನ್ನುವ ಹಾರ್ಮೋನು, ಗಂಡಸರದ್ದು ಅಂತ ಕರೆದರೂ ಹೆಂಗಸರ ಮೈಯಲ್ಲೂ ಸ್ವಲ್ಪ ಇರುತ್ತದೆ, ಈ ಗ್ರಂಥಿಗಳಿಂದ ಜಾಸ್ತಿ ಎಣ್ಣೆ ಬಿಡಿಸುತ್ತದೆ. ಅದಕ್ಕೆ ಸತ್ತ ಚರ್ಮ ಸೇರಿಕೊಂಡು ಬಾಯಿ ಕಟ್ಟುತ್ತದೆ. ಎಲ್ಲರ ಚರ್ಮದಲ್ಲೂ ಇರುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನುವ ಬ್ಯಾಕ್ಟೀರಿಯಾ ಆ ಮುಚ್ಚಿದ ಜಾಗದಲ್ಲಿ ಬೆಳೆಯುತ್ತದೆ, ಬಾವು ಬರುತ್ತದೆ. ಇದೆಲ್ಲ ನಡೆಯುವುದು ಚರ್ಮದ ಒಳಗೆ. ಅದಕ್ಕೇ ಮುಖ ತಿಕ್ಕಿ ತಿಕ್ಕಿ ತೊಳೆದರೂ ಹೋಗುವುದಿಲ್ಲ. ಮೊಡವೆ ಇದ್ದವರು ಮುಖ ತೊಳೆಯುವುದಿಲ್ಲ ಅನ್ನುವ ಮಾತು ಶುದ್ಧ ಸುಳ್ಳು.

ಶೇಂಗಾ ಮತ್ತು ಖಾರದ ವಿಷಯಕ್ಕೆ ಬಂದರೆ, ಇವೆರಡರಿಂದ ಮೊಡವೆ ಬರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಸಕ್ಕರೆ, ಮೈದಾ ಥರ ರಕ್ತದಲ್ಲಿ ಸಕ್ಕರೆ ಅಂಶ ತಟ್ಟನೆ ಏರಿಸುವ ತಿನಿಸು, ಮತ್ತೆ ಕೆಲವರಿಗೆ ಹಾಲು, ಇವುಗಳಿಗೆ ನಂಟು ಇದೆ ಅಂತ ಹೇಳುವ ಅಧ್ಯಯನಗಳಿವೆ. ಜಿಮ್ಮಿಗೆ ಹೋಗುವ ಹುಡುಗರು ಕುಡಿಯುವ ವೇ ಪ್ರೋಟೀನ್ ಪುಡಿಯೂ ಹಾಲಿನಿಂದಲೇ ಆಗಿದ್ದು, ಅದೂ ಕೆಲವರಿಗೆ ಆಗುವುದಿಲ್ಲ. ನಾನು ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಿಟ್ಟಿಲ್ಲ. ಸಂಜೆ ಚಹಾದ ಜೊತೆ ತಿನ್ನುತ್ತಿದ್ದ ಬಿಸ್ಕೀಟು, ಖಾರಿ ಮಾತ್ರ ಕಡಿಮೆ ಮಾಡಿದ್ದೇನೆ.

ಮನೆ ಮದ್ದಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಂಬೆಹಣ್ಣು, ಟೂತ್‌ಪೇಸ್ಟ್, ಅಡುಗೆ ಸೋಡಾ ಈ ಮೂರನ್ನು ದಯವಿಟ್ಟು ಮುಖಕ್ಕೆ ಹಚ್ಚಬೇಡಿ, ಚರ್ಮ ಸುಡುತ್ತದೆ. ನಮ್ಮಂಥ ಕಂದು ಬಣ್ಣದ ಚರ್ಮ ಸುಟ್ಟ ಜಾಗದಲ್ಲೆಲ್ಲ ಕಪ್ಪಾಗುತ್ತದೆ. ಕೊಬ್ಬರಿ ಎಣ್ಣೆ ತಲೆಗೆ ಹಚ್ಚಿಕೊಳ್ಳಿ, ಮುಖಕ್ಕೆ ಬೇಡ. ಹಣೆಗೆ ಇಳಿಯುವ ಹಾಗೆ ಹಚ್ಚಿಕೊಂಡು ಮಲಗುವುದೂ ಬೇಡ.

ನಾನು ಇದನ್ನೆಲ್ಲ ಬರೆಯಲು ಕೂತಿದ್ದು ನಮ್ಮ ಚಿಗವ್ವನ ಮಗಳ ಸಲುವಾಗಿ. ಅವಳು ಇರುವುದು ಬಸವನ ಬಾಗೇವಾಡಿ ಕಡೆ. ಗಂಡಿನವರು ನೋಡಲು ಬರುತ್ತಾರೆ ಅಂತ ಗೊತ್ತಾದಾಗ ಅವಳ ಕೆನ್ನೆ ತುಂಬಾ ಗುಳ್ಳೆ. ಮೆಡಿಕಲ್‌ಗೆ ಹೋಗಿ ಕೇಳಿದ್ದಾಳೆ, ಅವರು ಒಂದು ಟ್ಯೂಬು ಕೊಟ್ಟಿದ್ದಾರೆ. ಚೀಟಿ ಕೇಳಲಿಲ್ಲ, ಎಷ್ಟು ದಿನ ಹಚ್ಚಬೇಕು ಅಂತಲೂ ಹೇಳಲಿಲ್ಲ. ಕೆಲವೇ ದಿನದಲ್ಲಿ ಗುಳ್ಳೆ ಇಳಿದು ಮುಖ ಬೆಳ್ಳಗಾಯಿತು. ಮನೆಯವರಿಗೆಲ್ಲ ಖುಷಿ. ಓಣಿಯ ಮೂರ್ನಾಲ್ಕು ಹುಡುಗಿಯರು ಅದೇ ಟ್ಯೂಬು ತಂದುಕೊಂಡರು. ಖಾಲಿಯಾದಾಗ ಮತ್ತೊಂದು, ಅದು ಮುಗಿದಾಗ ಇನ್ನೊಂದು, ಹೀಗೆ ತಿಂಗಳುಗಳು ಕಳೆದವು. ಆಮೇಲೆ ಒಂದು ದಿನ ನನಗೆ ಫೋನ್ ಮಾಡಿ ಅತ್ತಳು. "ಅಕ್ಕಾ, ಬಿಟ್ರ ಮಾರಿ ಬೆಂಕಿ ಹತ್ತಿದಂಗ ಉರೀತೈತಿ, ಹಚ್ಚಿದ್ರ ಆರಾಮ ಅನಸ್ತೈತಿ. ಬಿಡೂದು ಹ್ಯಾಂಗ?"

ಟ್ಯೂಬಿನ ಫೋಟೋ ಕಳಿಸು ಅಂದೆ. ಬಾಲದಿಂದ ಸುರುಳಿ ಸುತ್ತಿದ ಟ್ಯೂಬು, ಅಕ್ಷರ ಅರ್ಧ ಅಳಿಸಿ ಹೋಗಿತ್ತು, ಡಬ್ಬಿ ಯಾವತ್ತೋ ಬಿಸಾಕಿದ್ದಳು. ಫೋಟೋ ದೊಡ್ಡದು ಮಾಡಿ ನೋಡಿದೆ. ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಮೊಮೆಟಾಸೋನ್. ಮೊದಲನೆಯದು ಕಲೆಯ ಬಣ್ಣ ತೆಗೆಯಲು, ಎರಡನೆಯದು ಎ ವಿಟಮಿನ್ ಜಾತಿಯದು, ಮೂರನೆಯದು ಸ್ಟೆರಾಯ್ಡ್. ಇಂಥ ಮೂರು ಬೆರೆಸಿದ ಮುಲಾಮನ್ನು ಚರ್ಮದ ಡಾಕ್ಟರು ಬಂಗು ಅನ್ನುವ ಮುಖದ ಕಂದು ಕಲೆಗೆ ಕೊಡುವುದುಂಟು, ಅದೂ ಸ್ವಲ್ಪ ಕಾಲ, ತಮ್ಮ ಕಣ್ಣಳತೆಯಲ್ಲಿ. ಮೊಡವೆಗೆ ಸುಮ್ನೆ ತಿಂಗಳುಗಟ್ಟಲೆ ತಿಕ್ಕಿಕೊಳ್ಳುವುದಕ್ಕಲ್ಲ.

ಸ್ಟೆರಾಯ್ಡ್ ಬಾವನ್ನು ಬೇಗ ಇಳಿಸುತ್ತದೆ, ಕೆಂಪು ಹೋಗಿಸುತ್ತದೆ. ಅದಕ್ಕೇ ಮೊದಲ ವಾರ ಪವಾಡದ ಹಾಗೆ ಕಾಣುತ್ತದೆ. ದಿನಾ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ, ಸಣ್ಣ ಸಣ್ಣ ರಕ್ತನಾಳ ಕೆಂಪಗೆ ಕಾಣಿಸುತ್ತವೆ, ಕೆನ್ನೆ ಮೇಲೆ ಕೂದಲು ಬರಬಹುದು, ಬಿಸಿಲು ತಾಗಿದರೆ ಉರಿ. ಇದಕ್ಕಿಂತ ನೋವಿನ ಸಂಗತಿ ಅಂದರೆ ಸ್ಟೆರಾಯ್ಡಿನಿಂದಲೇ ಹೊಸ ಮೊಡವೆ ಏಳುತ್ತದೆ. ನಿಲ್ಲಿಸಿದರೆ ಎಲ್ಲ ಒಮ್ಮೆಗೇ ಉಕ್ಕಿ ಬರುತ್ತದೆ. ಆಗ ಹೆದರಿ ಮತ್ತೆ ಅದೇ ಟ್ಯೂಬು ಹಚ್ಚುತ್ತಾರೆ. ನಮ್ಮ ತಂಗಿಗೆ ಆಗಿದ್ದು ಇದೇ. ಅವಳದು ತಪ್ಪು ಅಂತ ನಾನು ಹೇಳುವುದಿಲ್ಲ, ಅವಳಿಗೆ ಯಾರೂ ಹೇಳಿರಲಿಲ್ಲ.

2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೆರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಇದೆ, ಟ್ಯೂಬು ಸಿಗುತ್ತಲೂ ಇದೆ. ಅದಕ್ಕೇ ನಾವೇ ಓದಬೇಕು. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಫ್ಲುಓಸಿನೋಲೋನ್, ಈ ಹೆಸರುಗಳಲ್ಲಿ ಯಾವುದಾದರೂ ಒಂದು ಕಂಡರೆ ಮುಖಕ್ಕೆ ಹಚ್ಚುವ ಮುಂಚೆ ಡಾಕ್ಟರಿಗೆ ತೋರಿಸಿ. ಇಂಗ್ಲಿಷ್ ಓದಲು ಬರದಿದ್ದರೆ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳ ಕೈಗೆ ಕೊಡಿ, ಅವರು ಓದಿ ಹೇಳುತ್ತಾರೆ. ಹಚ್ಚಲು ಶುರು ಮಾಡಿ ತಿಂಗಳಾಗಿದ್ದರೆ ಗಾಬರಿಯಾಗಿ ಅವರಿವರ ಮಾತು ಕೇಳಿ ಏನೇನೋ ಹಚ್ಚಬೇಡಿ, ಅದನ್ನು ಬಿಡಿಸುವುದಕ್ಕೂ ಚರ್ಮದ ಡಾಕ್ಟರೇ ಬೇಕು.

ನನ್ನ ವಿಷಯಕ್ಕೆ ಬರುತ್ತೇನೆ. ಒಬ್ಬ ಒಳ್ಳೆಯ ಚರ್ಮದ ಡಾಕ್ಟರು ಸಿಕ್ಕರು. ಅವರು ಮುಖ ನೋಡುವುದಕ್ಕಿಂತ ಜಾಸ್ತಿ ಪ್ರಶ್ನೆ ಕೇಳಿದರು. ಮುಟ್ಟು ಸರಿಯಾಗಿ ಆಗುತ್ತದೆಯಾ, ಗದ್ದದ ಮೇಲೆ ಕೂದಲು ಬರುತ್ತಿದೆಯಾ, ತೂಕ ಏರಿದೆಯಾ, ಮತ್ತೊಂದು ಮಗುವಿನ ಯೋಚನೆ ಇದೆಯಾ, ಬೇರೆ ಏನು ಗುಳಿಗೆ, ಯಾವ ಸೂಜಿ ತಗೊಂಡಿದ್ದೀರಿ. ಸೂಜಿ ಯಾಕೆ ಕೇಳಿದರು ಅಂದರೆ ಬಿ12 ವಿಟಮಿನ್‌ನಿಂದಲೂ ಕೆಲವರಿಗೆ ಮೊಡವೆ ಏಳುತ್ತದಂತೆ. ಮಾಂಸ ತಿನ್ನದ ನಮ್ಮಂಥ ಮನೆಗಳಲ್ಲಿ ಸುಸ್ತು ಅಂದರೆ ಬಿ12 ಸೂಜಿ ಹಾಕಿಸಿಕೊಳ್ಳುವವರು ಎಷ್ಟು ಜನ! ಕೊರತೆ ಇದ್ದರೆ ಸೂಜಿ ಬೇಕೇ ಬೇಕು, ಬಿಡಬಾರದು. ಆದರೆ ಡಾಕ್ಟರಿಗೆ ಹೇಳಬೇಕು.

ಮುಟ್ಟು ಏರುಪೇರಾಗಿದ್ದು ಗದ್ದಕ್ಕೆ ಕೂದಲು ಬರುತ್ತಿದ್ದರೆ ಪಿಸಿಓಎಸ್ ಅನ್ನುವ ಹಾರ್ಮೋನು ಏರುಪೇರಿನ ತೊಂದರೆ ಇದೆಯಾ ಅಂತ ನೋಡಬೇಕಾಗುತ್ತದೆ. ನನ್ನ ರಿಪೋರ್ಟು ಎಲ್ಲ ನಾರ್ಮಲ್ ಬಂತು. ಹಾಗಾದರೆ ಹಾರ್ಮೋನಿಂದ ಅಲ್ಲವಾ ಅಂತ ಕೇಳಿದೆ. ಹಾರ್ಮೋನು ಹದದಲ್ಲೇ ಇದ್ದರೂ ಕೆಲವರ ಎಣ್ಣೆ ಗ್ರಂಥಿ ಅಷ್ಟಕ್ಕೇ ಜಾಸ್ತಿ ಕೆರಳುತ್ತದೆ, ದೊಡ್ಡ ವಯಸ್ಸಿನಲ್ಲಿ ಮೊಡವೆ ಬರುವ ಹೆಂಗಸರಲ್ಲಿ ತುಂಬಾ ಜನರದ್ದು ಇದೇ ಕಥೆ ಅಂದರು. ಮುಟ್ಟಿನ ಹಿಂದಿನ ವಾರ ಜಾಸ್ತಿಯಾಗುವುದೂ ಇದಕ್ಕೇ. ನನ್ನ ಮೈಯಲ್ಲಿ ಏನೋ ದೊಡ್ಡ ರೋಗ ಇದೆ ಅನ್ನುವ ಭಯ ಅವತ್ತು ಹೋಯಿತು.

ಕೊಟ್ಟಿದ್ದು ಅಡಾಪಲೀನ್ ಅನ್ನುವ ಜೆಲ್, ಶೇಕಡಾ 0.1ರದ್ದು, ರಾತ್ರಿಗೆ. ಬೆಳಿಗ್ಗೆ ಹಚ್ಚಲು ಶೇಕಡಾ 2.5ರ ಬೆಂಜಾಯಿಲ್ ಪೆರಾಕ್ಸೈಡ್. ಮೇಲೆ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್. ಅಷ್ಟೇ. ಅಡಾಪಲೀನ್ ಒಂದು ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ ಸಾಕು, ಮೊಡವೆ ಇದ್ದಲ್ಲಿ ಮಾತ್ರ ಚುಕ್ಕೆ ಇಡುವುದಲ್ಲ. ಯಾಕೆಂದರೆ ಅದರ ಕೆಲಸ ಮುಂದೆ ಏಳಬೇಕಾದ ಮೊಡವೆಯನ್ನು ತಡೆಯುವುದು. ಮುಖ ತೊಳೆದು ಪೂರ್ತಿ ಆರಿದ ಮೇಲೆ ಹಚ್ಚಬೇಕು, ಕಣ್ಣಿನ ಹತ್ತಿರ, ಮೂಗಿನ ಮೂಲೆಗೆ, ತುಟಿ ಅಂಚಿಗೆ ಬೇಡ. ಶುರುವಿಗೆ ದಿನ ಬಿಟ್ಟು ದಿನ. ಬೆಂಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತೆಗೆಯುತ್ತದೆ. ನಮ್ಮ ಮನೆಯ ಕುಂಕುಮ ಬಣ್ಣದ ಟವೆಲ್ಲಿನ ಮೇಲೆ ಈಗ ಕಿತ್ತಳೆ ಬಣ್ಣದ ಬೆರಳಿನ ಗುರುತುಗಳಿವೆ. ಇಳಕಲ್ ಸೀರೆ ಉಡುವ ದಿನ ಕೈ ಸರಿಯಾಗಿ ತೊಳೆದುಕೊಂಡೇ ಸೆರಗು ಮುಟ್ಟುತ್ತೇನೆ.

ಮೊದಲ ವಾರಗಳು ಕಷ್ಟ. ಮುಖ ಒಣಗಿ ಸಿಪ್ಪೆ ಏಳುತ್ತದೆ, ಮೊಡವೆ ಕೆಲವರಿಗೆ ಇನ್ನೂ ಜಾಸ್ತಿಯಾಗುತ್ತದೆ. ಬಹಳ ಜನ ಇಲ್ಲೇ ಬಿಡುತ್ತಾರೆ, ಇದು ನಮಗೆ ಆಗಿಬರಲ್ಲ ಅಂತ ಇನ್ನೊಂದು ಟ್ಯೂಬಿಗೆ ಹೋಗುತ್ತಾರೆ. ಇಂಥ ಔಷಧಿ ಕೆಲಸ ಮಾಡಿದೆಯೋ ಇಲ್ಲವೋ ಅಂತ ತೀರ್ಮಾನಿಸಲು ಸುಮಾರು 12 ವಾರ ಬೇಕು. ಇವತ್ತು ಮೇಲೆ ಕಾಣುವ ಮೊಡವೆ ಚರ್ಮದೊಳಗೆ ಶುರುವಾಗಿದ್ದೇ ಎಷ್ಟೋ ವಾರಗಳ ಹಿಂದೆ. ಈ ಒಂದು ಮಾತು ಮೊದಲೇ ಹೇಳಿ ಕಳಿಸಿದ್ದಕ್ಕೆ ಆ ಡಾಕ್ಟರಿಗೆ ನಾನು ಋಣಿ.

ನಮ್ಮ ಊರಿನ ಬಿಸಿಲು ಗೊತ್ತಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಜೊತೆಗೆ ಧೂಳು. ಸ್ಕೂಟಿ ಓಡಿಸುವ ಹೆಣ್ಣುಮಕ್ಕಳೆಲ್ಲ ಕಣ್ಣು ಬಿಟ್ಟು ಮುಖಕ್ಕೆಲ್ಲ ಸ್ಕಾರ್ಫ್ ಬಿಗಿದುಕೊಳ್ಳುತ್ತೇವೆ. ಅದರ ಮೇಲೆ ಹೆಲ್ಮೆಟ್ಟಿನ ಪಟ್ಟಿ. ಸ್ಕಾರ್ಫಿನ ಗಂಟು, ಆ ಪಟ್ಟಿ, ಬೆವರು ಎಲ್ಲ ಕೂಡಿ ತಿಕ್ಕುವುದು ಸರಿಯಾಗಿ ದವಡೆ ಮೇಲೆಯೇ. ತಿಕ್ಕಾಟದಿಂದ ಮೊಡವೆ ಕೆರಳುತ್ತದೆ. ಹಾಗಂತ ಹೆಲ್ಮೆಟ್ಟು ಬಿಡಲಾಗುವುದಿಲ್ಲ. ಮೆತ್ತನೆಯ ಹತ್ತಿ ಸ್ಕಾರ್ಫ್ ಇಟ್ಟುಕೊಂಡು ದಿನಾ ಒಗೆದು ಹಾಕುತ್ತೇನೆ, ಆಫೀಸು ಮುಟ್ಟಿದ ಕೂಡಲೇ ಬಿಚ್ಚುತ್ತೇನೆ. ಸನ್‌ಸ್ಕ್ರೀನ್ ಅಂತೂ ತಪ್ಪಿಸುವುದಿಲ್ಲ. ಕಪ್ಪು ಕಲೆ ಬಿಸಿಲಿಗೆ ಇನ್ನೂ ಗಾಢವಾಗುತ್ತದೆ, ಸ್ಕಾರ್ಫ್ ಒಂದೇ ಸಾಲದು.

ನನಗೆ ಮೊಡವೆ ಪೂರ್ತಿ ಹೋಗಿಲ್ಲ. ಮುಟ್ಟಿನ ಮುಂಚೆ ಒಂದೋ ಎರಡೋ ಬರುತ್ತವೆ, ಆದರೆ ಆ ನೋವಿನ ಗಂಟುಗಳು ನಿಂತಿವೆ. ಜೆಲ್ ಇನ್ನೂ ಹಚ್ಚುತ್ತೇನೆ, ಬಿಟ್ಟರೆ ಮತ್ತೆ ಬರುತ್ತದೆ ಅಂತ ಹೇಳಿದ್ದಾರೆ. ಒಂದು ವಾರದಲ್ಲಿ ಬುಡಸಮೇತ ಹೋಗಿಸುತ್ತೇವೆ ಅಂತ ಯಾರೇ ಹೇಳಿದರೂ ಈಗ ನಾನು ನಂಬುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆಗೆ ದಿನಾ ಗುಳಿಗೆ ತಗೊಳ್ಳುವುದನ್ನು ಒಪ್ಪುವ ನಮ್ಮ ಜನ ಇದನ್ನೂ ಒಪ್ಪಬೇಕು.

ಇದಕ್ಕೂ ಬಗ್ಗದವರಿಗೆ ಗುಳಿಗೆಗಳಿವೆ. ಡಾಕ್ಸಿಸೈಕ್ಲಿನ್ ಥರದ ಆಂಟಿಬಯಾಟಿಕ್ ಕೆಲವು ತಿಂಗಳಿಗೆ ಮಾತ್ರ, ಅದೊಂದನ್ನೇ ನಂಬಿಕೊಂಡು ಕೂರುವ ಹಾಗಿಲ್ಲ. ಐಸೊಟ್ರೆಟಿನೋಯಿನ್ ತುಂಬಾ ಗಟ್ಟಿಯಾದ ಔಷಧಿ, ಎಷ್ಟೋ ಜನರಿಗೆ ವರ್ಷಗಟ್ಟಲೆ ಮೊಡವೆ ಬಾರದ ಹಾಗೆ ಮಾಡಿದೆ. ತುಟಿ ಒಡೆಯುತ್ತದೆ, ರಕ್ತ ಪರೀಕ್ಷೆ ಮಾಡಿಸಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ತಗೊಳ್ಳುವಾಗ ಬಸಿರಾದರೆ ಹೊಟ್ಟೆಯಲ್ಲಿರುವ ಕೂಸಿಗೆ ಭಾರೀ ಅಪಾಯ. ನಿಲ್ಲಿಸಿದ ಮೇಲೂ ಕನಿಷ್ಠ ಒಂದು ತಿಂಗಳು ಬಸಿರಾಗಬಾರದು. ಮದುವೆ ಗೊತ್ತಾದ ಹುಡುಗಿಯರು, ಹೊಸದಾಗಿ ಮದುವೆಯಾದವರು ಡಾಕ್ಟರ ಮುಂದೆ ಇದನ್ನು ನಾಚಿಕೆ ಬಿಟ್ಟು ಹೇಳಲೇಬೇಕು. ಅಡಾಪಲೀನ್ ಹಚ್ಚುವವರೂ ಮಗುವಿನ ಯೋಚನೆ ಇದ್ದರೆ ಮೊದಲೇ ಹೇಳಿ, ಬದಲಿಗೆ ಅಜೆಲಾಯಿಕ್ ಆಸಿಡ್ ಥರದ್ದು ಕೊಡುತ್ತಾರೆ.

ತಂಗಿಯನ್ನು ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಟ್ಯೂಬು ಬಿಡಿಸಿದ್ದಾರೆ, ಸದ್ಯಕ್ಕೆ ಸಾದಾ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಬಾವು ಇಳಿಯಲು ಒಂದು ಗುಳಿಗೆ. ಉರಿ ಕಡಿಮೆಯಾಗಿದೆ, ಕೆಂಪು ಇನ್ನೂ ಇದೆ, ತಿಂಗಳುಗಳೇ ಬೇಕು ಅಂದಿದ್ದಾರೆ. ನೀವೂ ಹೋಗುವುದಾದರೆ ಮನೆಯಲ್ಲಿರುವ ಟ್ಯೂಬು, ಸೀರಮ್ಮು, ಗುಳಿಗೆ ಚೀಟಿ ಎಲ್ಲ ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿ. ಹೆಸರು ನೆನಪಿಲ್ಲ, ಬಿಳಿ ಟ್ಯೂಬು ಅಂದರೆ ಅವರಿಗೂ ಏನೂ ತಿಳಿಯುವುದಿಲ್ಲ.