ಬಸ್ಸಿನ ಬಾಗಿಲು ತೆರೆಯುವ ಮೊದಲು

ಟೂರ್ ಮ್ಯಾನೇಜರ್ ಅಂದರೆ ಬಾವುಟ ಹಿಡಿದು ಮುಂದೆ ನಡೆಯುವವಳು, ಪುಕ್ಕಟೆ ದೇಶ ಸುತ್ತುವವಳು ಅಂತ ನಮ್ಮ ನೆಂಟರಿಷ್ಟರ ಲೆಕ್ಕ. ಇರಲಿ. ಬೇಸಿಗೆಯಲ್ಲಿ ನಾನು ಬೆಂಗಳೂರಿನಿಂದ ಗುಂಪು ಕರೆದುಕೊಂಡು ಐಸ್‌ಲ್ಯಾಂಡಿಗೆ ಹೋಗುತ್ತೇನೆ. ಆ ಪ್ರವಾಸದಲ್ಲಿ ಒಂದು ದಿನ ಮಾತ್ರ ನನಗೆ ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲ. ಉತ್ತರದ ಅಕುರೆಯ್ರಿ ಪಟ್ಟಣದಿಂದ ಬೆಳಿಗ್ಗೆ ಹೊರಟು, ಎರಡು ಜಲಪಾತ, ಒಂದು ಕಣಿವೆ, ಕುದಿಯುವ ಕೆಸರಿನ ಬಯಲು, ಕೊನೆಗೆ ಬಿಸಿನೀರಿನ ಕೊಳ ಮುಗಿಸಿ ರಾತ್ರಿ ಊಟಕ್ಕೆ ವಾಪಸ್. ಡೈಮಂಡ್ ಸರ್ಕಲ್ ಅಂತ ಕರೆಯುತ್ತಾರೆ, ಸುಮಾರು 250 ಕಿಲೋಮೀಟರ್ ಸುತ್ತು.

ಈ ದಾರಿಯಲ್ಲಿ ನಮ್ಮ ಬಸ್ ಓಡಿಸುವವರು ಅಲ್ಲಿನವರೇ, ಅರವತ್ತು ದಾಟಿದವರು, ಮಾತು ಬಹಳ ಕಡಿಮೆ. ಕೆಲಸ ಕಲಿಸಿದ್ದು ಅವರೇ ಅನ್ನಬೇಕು. ಬಸ್ ನಿಲ್ಲಿಸಿ ಎಂಜಿನ್ ಆಫ್ ಮಾಡುತ್ತಾರೆ, ಬಾಗಿಲಿನ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾರೆ. ನಾನು ಹೇಳಿ ಮುಗಿಸುವ ತನಕ ಒತ್ತುವುದಿಲ್ಲ. ಮುಂದಿನ ಸೀಟಿನವರು ಎದ್ದು ನಿಂತು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಒತ್ತಾಯ ಮಾಡಿದರೂ ಇಲ್ಲ. ಬಾಗಿಲು ತೆರೆದ ಮೇಲೆ ನನ್ನ ಮಾತು ಯಾರ ಕಿವಿಗೂ ಬೀಳುವುದಿಲ್ಲ ಎನ್ನುವುದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಹೊರಗೆ ಗಾಳಿ, ನೀರಿನ ಸದ್ದು, ಜತೆಗೆ ಕಣ್ಣೆದುರಿಗೆ ಅಷ್ಟು ದೊಡ್ಡ ನೋಟ. ಹಾಗಾಗಿ ದಿನವಿಡೀ ನಾನು ಮಾಡುವ ಕೆಲಸದ ಮುಕ್ಕಾಲು ಪಾಲು, ಬಸ್ ನಿಂತು ಬಾಗಿಲು ತೆರೆಯುವ ನಡುವಿನ ಎರಡು ನಿಮಿಷದಲ್ಲೇ ಆಗಬೇಕು. ಕತೆ, ಇತಿಹಾಸ, ಭೂಗರ್ಭಶಾಸ್ತ್ರ ಎಲ್ಲ ದಾರಿಯಲ್ಲೇ ಮುಗಿಸಿಬಿಡುತ್ತೇನೆ. ಆ ಎರಡು ನಿಮಿಷಕ್ಕೆ ಕೆಲಸದ ಮಾತು ಮಾತ್ರ.

ಅದರಲ್ಲೂ ಮೊದಲು ಹೇಳಬೇಕಾದ್ದು ಶೌಚಾಲಯ ಎಲ್ಲಿದೆ ಅಂತ. ನಗಬೇಡಿ. ಹೋಗಬೇಕಾದವರಿಗೆ ಅದು ಗೊತ್ತಾಗುವ ತನಕ ಬೇರೆ ಯಾವ ಮಾತೂ ತಲೆಗೆ ಹೋಗುವುದಿಲ್ಲ. ಆಮೇಲೆ ಅಪಾಯ, ಕೊನೆಗೆ ಸಮಯ. ಸಮಯವನ್ನೂ ‘ಅರ್ಧ ಗಂಟೆ’ ಅಂತ ಹೇಳುವುದಿಲ್ಲ, ‘ಹನ್ನೊಂದು ಹತ್ತಕ್ಕೆ ಎಲ್ಲರೂ ಸೀಟಿನಲ್ಲಿ’ ಅಂತಲೇ ಹೇಳುತ್ತೇನೆ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹನ್ನೊಂದಕ್ಕೂ ಬೆಳಕು. ಬೆಳಕು ನೋಡಿ ಹೊತ್ತು ಅಂದಾಜು ಮಾಡುವ ನಮ್ಮವರಿಗೆ ಸಂಜೆ ಏಳೂ ಮಧ್ಯಾಹ್ನ ಮೂರರ ಹಾಗೇ ಕಾಣುತ್ತದೆ.

ಮೊದಲ ನಿಲುಗಡೆ ಗೋದಾಫೋಸ್ ಜಲಪಾತ. ದಾರಿಯಲ್ಲಿ ಅದರ ಕತೆ ಹೇಳುತ್ತೇನೆ. ಸುಮಾರು ಕ್ರಿ.ಶ. 1000. ಹಳೆಯ ದೇವರುಗಳನ್ನು ಪೂಜಿಸುವವರಿಗೂ ಕ್ರೈಸ್ತರಿಗೂ ನಡುವೆ ದೇಶ ಒಡೆಯುವ ಸ್ಥಿತಿ. ತೀರ್ಪು ಹೇಳಬೇಕಾದವನು ಥೋರ್ಗೇರ್ ಎಂಬ ಮುಖಂಡ, ಅವನೇ ಹಳೆಯ ಧರ್ಮದವನು. ಒಂದು ಹಗಲು ಒಂದು ರಾತ್ರಿ ಕಂಬಳಿ ಹೊದ್ದು ಮಲಗಿದ್ದು, ಎದ್ದವನೇ ಎಲ್ಲರೂ ಕ್ರೈಸ್ತರಾಗಬೇಕು ಅಂದ. ಕದ್ದುಮುಚ್ಚಿ ಹಳೆಯ ದೇವರಿಗೆ ಬಲಿ ಕೊಟ್ಟರೆ ಅಡ್ಡಿಯಿಲ್ಲ ಅಂತ ಒಂದು ರಿಯಾಯಿತಿಯನ್ನೂ ಕೊಟ್ಟ. ಊರಿಗೆ ಮರಳುವಾಗ ತನ್ನ ಮನೆದೇವರ ವಿಗ್ರಹಗಳನ್ನು ಈ ಜಲಪಾತಕ್ಕೆ ಎಸೆದ ಎಂಬುದು ಐತಿಹ್ಯ. ಒಮ್ಮೆ ಇದನ್ನು ಕೇಳಿದ ಮೈಸೂರಿನ ಹೆಂಗಸೊಬ್ಬರು ಪಕ್ಕದವರಿಗೆ, “ನಾವೂ ಮುಳುಗಿಸ್ತೀವಿ, ಆದ್ರೆ ಬರೋ ವರ್ಷ ಮತ್ತೆ ತರ್ತೀವಲ್ಲ” ಅಂದರು. ಥೋರ್ಗೇರನಿಗೆ ಈ ಉಪಾಯ ಹೊಳೆದಿದ್ದರೆ ಕಂಬಳಿ ಹೊದೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಗೋದಾಫೋಸ್ ಎತ್ತರ ಬರೀ 12 ಮೀಟರ್. ಇದನ್ನು ಬಸ್ಸಿನಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಇಳಿದ ಕೂಡಲೇ “ನಮ್ಮ ಜೋಗದ ಮುಂದೆ ಇದೇನು ಮಹಾ” ಶುರುವಾಗುತ್ತದೆ. ಜೋಗ 253 ಮೀಟರ್, ಸುಳ್ಳಲ್ಲ. ಆದರೆ ಅದೇ ಪಟ್ಟು ಮುಂದೆ ಡೆಟ್ಟಿಫೋಸ್‌ನಲ್ಲೂ ಹಿಡಿದರೆ ನೋಡುವ ಸುಖವೇ ಹೋಗುತ್ತದೆ. ಡೆಟ್ಟಿಫೋಸ್ ಎತ್ತರ 44 ಮೀಟರ್, ಅಗಲ 100. ಅಲ್ಲಿ ಎತ್ತರಕ್ಕಿಂತ ನೀರಿನ ಮೊತ್ತ ದೊಡ್ಡದು: ಸರಾಸರಿ ಸೆಕೆಂಡಿಗೆ 193 ಘನ ಮೀಟರ್. ಈ ಅಂಕಿ ಯಾರಿಗೂ ಏನೂ ಹೇಳುವುದಿಲ್ಲ. ಅದಕ್ಕೇ ಬೆಂಗಳೂರಿನವರಿಗೆ ನಾನು ಬೇರೆ ಥರ ಹೇಳುತ್ತೇನೆ. ಏಪ್ರಿಲ್‌ನಲ್ಲಿ ನಿಮ್ಮ ಅಪಾರ್ಟ್‌ಮೆಂಟ್ ಗೇಟಿಗೆ ಬರುತ್ತದಲ್ಲ, 12,000 ಲೀಟರ್ ಟ್ಯಾಂಕರ್, ಅಂಥವು ಹದಿನಾರು, ಪ್ರತಿ ಸೆಕೆಂಡಿಗೆ. ಬಸ್ಸಿನಲ್ಲಿ ಒಂದು ಕ್ಷಣ ಮೌನ. ಆಮೇಲೆ ಯಾರೋ ಟ್ಯಾಂಕರ್ ರೇಟು ಗುಣಿಸಲು ಶುರು ಮಾಡುತ್ತಾರೆ.

ಹೂಸಾವಿಕ್‌ನಲ್ಲಿ ಊಟ. ತಿಮಿಂಗಿಲ ನೋಡಲು ದೋಣಿ ಹೊರಡುವ ಊರು, ನಮಗೆ ಅಷ್ಟು ಹೊತ್ತಿಲ್ಲ. ಕಟ್ಟಿಕೊಂಡು ಬಂದ ಪುಳಿಯೋಗರೆ ಇಲ್ಲೇ ಖಾಲಿ ಮಾಡಿಸುತ್ತೇನೆ. ಮುಂದೆ ಕೆಸರಿನ ಬಯಲಿನಲ್ಲಿ ಗಂಧಕದ ವಾಸನೆ ಕುಡಿದ ಮೇಲೆ ಯಾರಿಗೂ ಊಟ ಸೇರುವುದಿಲ್ಲ. ಸುತ್ತನ್ನು ಈ ದಿಕ್ಕಿನಲ್ಲಿ ಹಾಕುವುದಕ್ಕೆ ಅರ್ಧ ಕಾರಣ ಅದೇ.

ಅಲ್ಲಿಂದ ಆಸ್‌ಬಿರ್ಗಿ. ಕುದುರೆ ಲಾಳದ ಆಕಾರದ ಕಣಿವೆ, ಉದ್ದ ಮೂರೂವರೆ ಕಿಲೋಮೀಟರ್, ಸುತ್ತ 100 ಮೀಟರ್‌ವರೆಗೂ ಏಳುವ ನೆಟ್ಟನೆಯ ಬಂಡೆಗೋಡೆ. ಓಡಿನ್ ದೇವರ ಎಂಟು ಕಾಲಿನ ಕುದುರೆ ಸ್ಲೀಪ್ನಿರ್ ಇಲ್ಲಿ ಒಂದು ಗೊರಸು ಊರಿತ್ತಂತೆ. ಭೂವಿಜ್ಞಾನಿಗಳು ಹೇಳುವುದು ಬೇರೆ: ದಕ್ಷಿಣದ ವಾಟ್ನಾಯೋಕುಲ್ ಹಿಮರಾಶಿಯಿಂದ, ಸಾವಿರಾರು ವರ್ಷಗಳ ಹಿಂದೆ, ಒಂದಕ್ಕಿಂತ ಹೆಚ್ಚು ಸಲ ಭಾರೀ ಪ್ರವಾಹ ನುಗ್ಗಿ ಬಂದು ಬಂಡೆ ಕಿತ್ತುಕೊಂಡು ಹೋಗಿದ್ದು. ಆ ಪ್ರವಾಹ ತಂದ ಯೋಕುಲ್ಸಾ ನದಿ ಆಮೇಲೆ ಪೂರ್ವಕ್ಕೆ ಸರಿದುಬಿಟ್ಟಿದೆ. ಈಗ ಕಣಿವೆಯ ತಳದಲ್ಲಿ ಬರ್ಚ್ ಮರಗಳ ಕಾಡು, ಗಾಳಿಯೂ ಕಡಿಮೆ. ಹೇಳಬೇಕಾದ ಎಚ್ಚರಿಕೆಗಳೂ ಕಡಿಮೆಯಾದ್ದರಿಂದ ಇಲ್ಲಿ ಬಾಗಿಲು ಬೇಗ ತೆರೆಯುತ್ತದೆ, ನಾನೂ ಒಂದು ಕಡೆ ಕೂತು ಕಾಫಿ ಕುಡಿಯುತ್ತೇನೆ.

ಡೆಟ್ಟಿಫೋಸ್‌ನಲ್ಲಿ ಪಾರ್ಕಿಂಗ್‌ನಿಂದ ಸುಮಾರು ಒಂದು ಕಿಲೋಮೀಟರ್ ಕಲ್ಲುದಾರಿ. ಅಲ್ಲಿ ನನ್ನ ಎರಡು ನಿಮಿಷ ಹೀಗಿರುತ್ತದೆ: ಶೌಚಾಲಯ ಪಕ್ಕದಲ್ಲೇ ಇದೆ, ನಲ್ಲಿ ಇಲ್ಲ, ನೀರಿನ ಬಾಟಲಿ ತೆಗೆದುಕೊಂಡು ಹೋಗಿ. ಚಪ್ಪಲಿ ಹಾಕಿದವರು ಬಸ್ಸಿನಲ್ಲೇ ಶೂ ಹಾಕಿಕೊಳ್ಳಿ. ಹತ್ತಿರ ಹೋದಂತೆ ಹನಿ ಹಾರಿ ಕಲ್ಲೆಲ್ಲ ಒದ್ದೆ. ಹಗ್ಗದ ಆಚೆ ಒಂದು ಹೆಜ್ಜೆಯೂ ಬೇಡ, ಬೆನ್ನು ತಿರುಗಿಸಿ ಸೆಲ್ಫಿ ಬೇಡ. ಮೊಣಕಾಲು ನೋವಿರುವವರು ಕೆಳಗಿನ ಕಟ್ಟೆಗೆ ಇಳಿಯಬೇಡಿ, ಮೇಲಿನಿಂದಲೂ ಅಷ್ಟೇ ಕಾಣುತ್ತದೆ. ಕೊನೆಯದು ಪೂರ್ತಿ ನಿಜವಲ್ಲ, ಆದರೂ ಹೇಳುತ್ತೇನೆ. ನೀರು ಬೂದು ಬಣ್ಣ ಎನ್ನುವುದನ್ನೂ ಸೇರಿಸುತ್ತೇನೆ, ಇಲ್ಲವಾದರೆ “ಕೊಳೆ ನೀರು” ಅನ್ನುತ್ತಾರೆ. ಅದು ಹಿಮನದಿ ಅರೆದು ತಂದ ಬಂಡೆಯ ಪುಡಿ. ಜೋಗದಲ್ಲಿ ಎಷ್ಟು ನೀರು ಬೀಳಬೇಕು ಅನ್ನುವುದಕ್ಕೆ ಲಿಂಗನಮಕ್ಕಿಯ ಮಾತೂ ಬೇಕು, ಈ ಯೋಕುಲ್ಸಾ ನದಿಗೆ ಅಡ್ಡ ಒಂದು ಅಣೆಕಟ್ಟೂ ಇಲ್ಲ. ಜಲಪಾತದ ಎದುರು ನಿಂತ ಮೇಲೆ ನಾನು ಬಾಯಿ ಬಿಡುವುದಿಲ್ಲ. ಬಿಟ್ಟರೂ ಕೇಳಿಸುವುದಿಲ್ಲ.

ನನಗೆ ಎದೆ ಡವಡವ ಅನ್ನುವುದು ಆಮೇಲಿನ ಜಾಗದಲ್ಲಿ. ಹ್ವೆರಿರ್. ಹಳದಿ, ಕಂದು, ಬೂದಿ ಬಣ್ಣದ ಬೋಳು ಬಯಲು. ಕೊಳೆತ ಮೊಟ್ಟೆಯ ನಾತ. ಬೂದು ಕೆಸರು ಹೊಂಡದಲ್ಲಿ ಕೊತಕೊತ ಕುದಿಯುತ್ತಿರುತ್ತದೆ. ಕಲ್ಲು ಗುಪ್ಪೆಯ ಸಂದಿನಿಂದ ಹಬೆ ಶಿಳ್ಳೆ ಹೊಡೆಯುತ್ತದೆ. ಇಲ್ಲಿ 1,000 ಮೀಟರ್ ಆಳದಲ್ಲಿ ಶಾಖ 200 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕೆಲವು ಕಡೆ ಮೇಲಿನ ಮಣ್ಣಿನ ಪದರ ಕಾಲು ಇಟ್ಟರೆ ಕುಸಿಯುವಷ್ಟು ತೆಳು, ಅದರಲ್ಲೂ ಬಿಳಿಚಿಕೊಂಡ ಮಣ್ಣನ್ನು ನಂಬುವಂತಿಲ್ಲ.

ಬೇರೆ ದೇಶದ ಗೈಡುಗಳಿಗೆ ಇಲ್ಲಿ ಮಕ್ಕಳ ಚಿಂತೆ. ನನಗೆ ಅಜ್ಜ ಅಜ್ಜಿಯರದ್ದು. ನಮ್ಮವರ ಪಾಲಿಗೆ ನೆಲದಿಂದ ಉಕ್ಕುವ ಬಿಸಿನೀರು ಅಂದರೆ ತೀರ್ಥ. ಬದರಿಯ ತಪ್ತಕುಂಡದಲ್ಲಿ ಮಿಂದು ಬಂದವರು, ಮಣಿಕರಣದಲ್ಲಿ ಅಕ್ಕಿ ಬೇಯಿಸಿದ್ದನ್ನು ನೋಡಿದವರು. ನೀರು ಕಂಡ ಕೂಡಲೇ ಕೈ ತಾನಾಗಿ ಮುಂದೆ ಹೋಗುತ್ತದೆ, ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳಲು. ‘ಅಪಾಯ, ಮುಟ್ಟಬೇಡಿ’ ಅನ್ನುವ ಫಲಕ ಆ ಕೈಯನ್ನು ತಡೆಯುವುದಿಲ್ಲ. ಆಟ ಆಡುವವರಿಗೆ ಹಾಕಿದ ಫಲಕ, ನಮಗಲ್ಲ ಅಂದುಕೊಳ್ಳುತ್ತಾರೆ. ಹಾಗಾಗಿ ನಾನು ಬಸ್ಸಿನಲ್ಲಿ ಸುತ್ತಿ ಬಳಸದೆ ಹೇಳುತ್ತೇನೆ: ಇದು ತೀರ್ಥ ಅಲ್ಲ, ಆಸಿಡ್ ಬೆರೆತ ಕುದಿನೀರು. ಬೆರಳು ಅದ್ದುವಂತಿಲ್ಲ, ಪ್ರೋಕ್ಷಣೆ ಇಲ್ಲ. ಕೈ ಮುಗಿಯಬೇಕು ಅನ್ನಿಸಿದರೆ ಹಗ್ಗದ ಈಚೆ ನಿಂತು ಮುಗಿಯಿರಿ.

ದಾವಣಗೆರೆ ಕಡೆಯ ಅಜ್ಜಿಯೊಬ್ಬರು ಇಷ್ಟು ಕೇಳಿಸಿಕೊಂಡು, “ಏನವಾ, ಒಂದು ಹನಿನೂ ತಲಿಗೆ ಚಿಮುಕಿಸ್ಕಬಾರ್ದಾ?” ಅಂದರು.

“ಬೇಡ ಅಜ್ಜಿ, ಕೈ ಬೆಂದು ಹೋಗುತ್ತೆ.”

“ಹಂಗಾದ್ರ ಹೊಗೀನಾರ ತಗೊಂತೀನಿ,” ಅಂತ ಮಂಗಳಾರತಿ ತೆಗೆದುಕೊಳ್ಳುವ ಹಾಗೆ ಹಬೆಯ ದಿಕ್ಕಿಗೆ ಎರಡೂ ಕೈ ಚಾಚಿ ಕಣ್ಣಿಗೆ ಒತ್ತಿಕೊಂಡರು. ಹಗ್ಗದ ಈಚೆಯೇ ನಿಂತಿದ್ದರು. ಈಗ ನಾನು ಎಲ್ಲ ಗುಂಪಿಗೂ ಅದನ್ನೇ ಹೇಳಿಕೊಡುತ್ತೇನೆ, ದೂರದಿಂದ ಹಬೆ ತೆಗೆದುಕೊಳ್ಳಿ ಅಂತ. ಬರೀ ‘ಬೇಡ’ ಅಂದಾಗ ಕಳ್ಳತನದಲ್ಲಿ ಮುಟ್ಟುವವರು, ಮಾಡಲು ಏನಾದರೂ ಕೊಟ್ಟರೆ ಸುಮ್ಮನಿರುತ್ತಾರೆ.

ಪಕ್ಕದಲ್ಲೇ ಕ್ರಾಫ್ಲಾ. ಪ್ರತಿ ಗುಂಪಿನಲ್ಲೂ ಒಬ್ಬ ನಿವೃತ್ತ ಎಂಜಿನಿಯರ್ ಇರುತ್ತಾರೆ, ಅವರಿಗಾಗಿ ಈ ಭಾಗ. ಭೂಶಾಖದ ವಿದ್ಯುತ್ ಕೇಂದ್ರ, 60 ಮೆಗಾವಾಟ್. “ನಮ್ಮ ಶರಾವತಿ 1,035” ಎಂದು ತಕ್ಷಣ ಉತ್ತರ ಬರುತ್ತದೆ. ಆಗ ಉಳಿದದ್ದನ್ನು ಹೇಳುತ್ತೇನೆ: ಕೇಂದ್ರ ಕಟ್ಟುತ್ತಿರುವಾಗಲೇ 1975ರಲ್ಲಿ ಪಕ್ಕದ ನೆಲ ಸೀಳಿ ಲಾವಾ ಬಂತು, 1984ರ ತನಕ ಒಂಬತ್ತು ಸಲ. ಆದರೂ ಕಟ್ಟಿ ಮುಗಿಸಿದರು. 2009ರಲ್ಲಿ ಆಳದ ಬಾವಿ ಕೊರೆಯುವಾಗ ಸುಮಾರು 2.1 ಕಿಲೋಮೀಟರ್‌ನಲ್ಲಿ ಬೈರಿಗೆ ನೇರ ಶಿಲಾರಸಕ್ಕೇ ತಾಗಿತು. ಅಲ್ಲಿಗೆ ಶರಾವತಿಯ ಮಾತು ನಿಲ್ಲುತ್ತದೆ.

ಕೊನೆಗೆ ಮೀವಾತ್ನ್ ಸರೋವರದ ಬಳಿಯ ಬಿಸಿನೀರಿನ ಕೊಳ. ಗಾಳಿ ನಿಂತ ದಿನ ಸರೋವರದ ಸುತ್ತ ನುಸಿಗಳ ಮೋಡ, ಬಾಯಿ ಮುಚ್ಚಿಕೊಂಡು ನಡೆಯಿರಿ ಅಂದರೆ ಸಾಕು. ಕಷ್ಟದ ಮಾತು ಕೊಳದ್ದು. ಅಲ್ಲಿನ ನಿಯಮದಂತೆ ನೀರಿಗೆ ಇಳಿಯುವ ಮೊದಲು ಈಜುಡುಪು ಇಲ್ಲದೆ ಸೋಪು ಹಚ್ಚಿ ಸ್ನಾನ ಮಾಡಬೇಕು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಕೋಣೆ, ಆದರೆ ಒಬ್ಬರೆದುರು ಒಬ್ಬರು. ಇದನ್ನು ಒಳಗೆ ಹೋದ ಮೇಲೆ ತಿಳಿದುಕೊಂಡರೆ ಸೊಸೆಯ ಎದುರು ಅತ್ತೆಗೆ, ಅತ್ತೆಯ ಎದುರು ಸೊಸೆಗೆ ಆಗುವ ಪೇಚಾಟ ನೀವೇ ಊಹಿಸಿ. ಬಸ್ಸಿನಲ್ಲೇ ಹೇಳಿದರೆ ಯಾರು ಮೊದಲು, ಯಾರು ಆಮೇಲೆ ಅಂತ ಅವರವರೇ ಮಾತಾಡಿಕೊಳ್ಳುತ್ತಾರೆ. ಬೆಳ್ಳಿಯ ವಿಷಯವೂ ಇದೆ. ನೀರಿನಲ್ಲಿರುವ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಕಾಲ್ಗೆಜ್ಜೆ ತೆಗೆದಿಡುತ್ತಾರೆ, ಕಾಲುಂಗುರ ತೆಗೆಯಲು ಹೆಚ್ಚಿನವರಿಗೆ ಮನಸ್ಸು ಬರುವುದಿಲ್ಲ. ನಾನು ಒತ್ತಾಯಿಸುವುದಿಲ್ಲ. ಕಪ್ಪಾದರೆ ಹೆದರಬೇಡಿ, ವಿಭೂತಿ ಹಚ್ಚಿ ತಿಕ್ಕಿದರೆ ಹೊಳಪು ಬರುತ್ತದೆ ಅಂತ ಮೊದಲೇ ಹೇಳಿಟ್ಟರೆ, ಹೊರಗೆ ಬಂದು ಪಾದ ನೋಡಿಕೊಂಡಾಗ ಅಪಶಕುನದ ಮಾತು ಬರುವುದಿಲ್ಲ.

ವಾಪಸ್ಸಿಗೆ ಅಕುರೆಯ್ರಿ ಹತ್ತಿರ 7.4 ಕಿಲೋಮೀಟರ್ ಸುರಂಗ. ಕೊರೆಯುವಾಗ ಒಂದು ಬದಿಯಲ್ಲಿ ಬಿಸಿನೀರು, ಇನ್ನೊಂದು ಬದಿಯಲ್ಲಿ ತಣ್ಣೀರು ನುಗ್ಗಿ ಕೆಲಸ ನಿಧಾನವಾಗಿ, ಅಂತೂ 2018ರ ಕೊನೆಗೆ ತೆರೆದದ್ದು. ಹೋಟೆಲ್ ಮುಂದೆ ಬಸ್ ನಿಂತಾಗಲೂ ಹೆಬ್ಬೆರಳು ಗುಂಡಿಯ ಮೇಲೆ ಹಾಗೇ ಇರುತ್ತದೆ. ನಾನು ಹೇಳುತ್ತೇನೆ: ಊಟ ಎಂಟಕ್ಕೆ. ಕೋಣೆಯ ನಲ್ಲಿಯ ತಣ್ಣೀರು ನೇರವಾಗಿ ಕುಡಿಯಬಹುದು, ಬಾಟಲಿಗೆ ದುಡ್ಡು ಹಾಕಬೇಡಿ. ಬಿಸಿನೀರು ನೆಲದೊಳಗಿನದು, ಗಂಧಕದ ವಾಸನೆ ಇರಬಹುದು, ಅದನ್ನು ಹಿಡಿದು ಕಾಫಿ ಮಾಡಬೇಡಿ. ತಣ್ಣೀರನ್ನೇ ಕೆಟಲ್‌ನಲ್ಲಿ ಕಾಯಿಸಿಕೊಳ್ಳಿ. ಬೆಳಿಗ್ಗೆ ಲಗೇಜು ಏಳೂವರೆಗೆ ಬಾಗಿಲ ಹೊರಗೆ.

ಆಮೇಲೆ ಅವರು ಗುಂಡಿ ಒತ್ತುತ್ತಾರೆ.